ಹಾವುಮೀನಿಗೆ ಹೋದ ಅತ್ತೆ ಅಳಿಯ

ಬಾಗಿಲು ಇರುವುದು ಕಳ್ಳರನ್ನು ತಡೆಯುವುದಕ್ಕೆ, ನಾಯಿ ನುಗ್ಗದಂತೆ ನೋಡಿಕೊಳ್ಳುವುದಕ್ಕೆ ಎಂದು ನೀವು ತಿಳಿದಿರಬಹುದು. ನಮ್ಮ ಮನೆಯಲ್ಲಿ ಬಾಗಿಲು ಇದ್ದದ್ದು ನಮ್ಮತ್ತೆ ನನ್ನೊಡನೆ ಮಾತನಾಡುವುದಕ್ಕೆ. ನಮ್ಮ ಕಡೆಯ ಹಳೆಯ ಕಾಲದ ಅತ್ತೆಯರು ಅಳಿಯನ ಎದುರಿಗೆ ನಿಲ್ಲುವವರಲ್ಲ. ಅವನ ಮುಖ ನೋಡಿ ಮಾತಾಡುವವರಂತೂ ಅಲ್ಲವೇ ಅಲ್ಲ. ಬಾಗಿಲ ಮರೆಯಲ್ಲಿ ನಿಂತು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಒಳಗಿರುವ ಮಗಳಿಗೆ ಹೇಳಿದಂತೆ ಅಳಿಯನಿಗೆ ಹೇಳುತ್ತಾರೆ. ಮಗಳು ಇಲ್ಲದಿದ್ದರೆ ಕಂಬಕ್ಕೆ ಹೇಳುತ್ತಾರೆ. ಕಂಬದ ಹತ್ತಿರ ಮಾತಾಡಲು ಸಂಕೋಚವಾದರೆ ಬೆಕ್ಕು. "ಅಳಿದೇವ್ರು ಎದ್ದಿದ್ರೆ ಹಂಡೇಲಿ ನೀರು ಕಾದದೆ ಅಂತ ಯೋಳು" ಎಂದು ನಮ್ಮತ್ತೆ ಬೆಕ್ಕಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಬೆಕ್ಕು ನನ್ನ ಮುಖ ನೋಡಿತು. ನಾನು ಎದ್ದು ಸ್ನಾನಕ್ಕೆ ಹೋದೆ. ಈ ಏರ್ಪಾಡು ನಮ್ಮಿಬ್ಬರಿಗೂ ಚೆನ್ನಾಗಿ ಒಗ್ಗಿತ್ತು. ನೇರ ಮಾತಿಲ್ಲದ ಮೇಲೆ ನೇರ ಜಗಳವೂ ಇರುವುದಿಲ್ಲ. ಇಂಥ ಅತ್ತೆಯ ಜೊತೆಯಲ್ಲಿ, ಬಾಗಿಲಿಲ್ಲದ, ಗೋಡೆಯಿಲ್ಲದ, ಮೂಲೆಯಂತೂ ಮೊದಲೇ ಇಲ್ಲದ ಒಂದು ಜಾಗದಲ್ಲಿ ಇಡೀ ಹಗಲು ಕೂತು ಮೀನು ಹಿಡಿಯಬೇಕಾಗಿ ಬಂದ ನನ್ನ ಪಾಡನ್ನು ನಿಮಗೆ ಹೇಳಿಕೊಳ್ಳಬೇಕು.

ನಾನು ಟೈಲರು. ಹುಟ್ಟಿದ್ದು ಮಿರ್ಲೆಯಲ್ಲಾದರೂ ಕೃಷ್ಣರಾಜನಗರ ಹೊಸದಾಗಿ ಎದ್ದ ಕಾಲದಲ್ಲಿ ಅಲ್ಲಿಗೆ ಬಂದು ಒಂದು ಮಿಷನ್ನು ಹಾಕಿಕೊಂಡು ಕೂತೆ. ಆ ಊರು ನನಗೆ ಹಿಡಿಸಲು ಕಾರಣ ಅದರ ಬೀದಿಗಳು. ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಆಡಿಸಿದಂತೆ ನೆಟ್ಟಗಿದ್ದವು. ಗೆರೆ ಎಳೆಯಲು ಬರುವ ಯಾವ ವಸ್ತುವೂ ನನಗೆ ಇಷ್ಟ. ಗೆರೆ ನಿಲ್ಲದ ವಸ್ತುಗಳ ಹತ್ತಿರ ನಾನು ಹೋಗುವುದಿಲ್ಲ. ಅವುಗಳಲ್ಲಿ ಮುಖ್ಯವಾದದ್ದು ನೀರು. ಬಾವಿಯಲ್ಲಿ ಇಣುಕಿದರೆ ತಲೆ ಸುತ್ತುವ ಆಸಾಮಿ ನಾನು. ಕನ್ನಂಬಾಡಿ ಕಟ್ಟೆ ತುಂಬಿದಾಗ ಅದರ ಹಿನ್ನೀರು ನಮ್ಮೂರಿನ ಸಮೀಪದವರೆಗೂ ಬಂದು ನಿಲ್ಲುತ್ತಿತ್ತು. ಊರಿನವರೆಲ್ಲ ಸಂಜೆ ಹೋಗಿ ಅದನ್ನು ನೋಡಿ ಬರುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಅಷ್ಟು ದೊಡ್ಡ ಬಟ್ಟೆಯನ್ನು ಅಂಚು ಹೊಲಿಯದೆ ಬಿಟ್ಟಂತೆ ಕಂಡು ನನ್ನ ಮನಸ್ಸಿಗೆ ಕಿರಿಕಿರಿಯಾಗುತ್ತಿತ್ತು.

ನನ್ನ ಹೆಂಡತಿ ಚಿಕ್ಕತಾಯಿ ಹೊಂಗೇಕೊಪ್ಪಲಿನವಳು. ಆ ಊರು ನಿಮಗೆ ಈಗ ಕಾಣುವುದಿಲ್ಲ. ಅವಳು ಲಂಗ ಉಡುವ ವಯಸ್ಸಿನಲ್ಲಿದ್ದಾಗಲೇ ಅದು ಹಿನ್ನೀರಿನಲ್ಲಿ ಮುಳುಗಿತು. ಊರವರು ಒಬ್ಬೊಬ್ಬರು ಒಂದೊಂದು ಕಡೆ ಚದುರಿದರು. ಮಾವ ತೀರಿಕೊಂಡರು. ಅತ್ತೆ ಕೆಂಪಮ್ಮನವರು ಹುಣಸೂರಿನ ಕಡೆ ಕಟ್ಟೆಮಳಲವಾಡಿಯಲ್ಲಿ ಮಗನೊಂದಿಗೆ ನೆಲೆಸಿದರು. ನಮ್ಮ ಮೊದಲ ಮಗು ಹುಟ್ಟುವ ಕಾಲ ಬಂತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಷ್ಟೆ. ತವರಿಗೆ ಕಳಿಸೋಣವೆಂದರೆ ತವರು ನೀರೊಳಗಿತ್ತು. ಮಗನ ಮನೆಯೋ, ಆ ಮಳೆಗಾಲದಲ್ಲಿ ಗೋಡೆ ಕುಸಿದು ಅರ್ಧ ಮನೆಯಾಗಿತ್ತು. ಹೀಗಾಗಿ ಅತ್ತೆಯೇ ಒಂದು ಗಂಟು ಬೆಳ್ಳುಳ್ಳಿ, ಒಂದು ಗಂಟು ಮೆಣಸು, ಮಗುವಿಗೆ ಹಾಲು ಕುಡಿಸುವ ಒಂದು ಒಳಲೆ ಹಿಡಿದುಕೊಂಡು ನಮ್ಮ ಮನೆಗೆ ಬಂದಿಳಿದು, ನಾನು ಆಗಲೇ ಹೇಳಿದ ಬಾಗಿಲ ಹಿಂದೆ ಸ್ಥಾಪಿತರಾದರು.

ಮಗು ಹುಟ್ಟಿತು. ಹೆಣ್ಣು. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಪುಣ್ಯಾಹ ಮುಗಿದರೂ ಚಿಕ್ಕತಾಯಿಗೆ ಹಾಲು ಸರಿಯಾಗಿ ಇಳಿಯಲಿಲ್ಲ. ಮಗು ಎಳೆಯುತ್ತಿತ್ತು, ಸಿಕ್ಕದೆ ಅಳುತ್ತಿತ್ತು, ಅತ್ತೂ ಅತ್ತೂ ದನಿ ಕುಗ್ಗಿ ಬೆಕ್ಕಿನ ಮರಿಯ ಹಾಗೆ ಕುಂಯ್ ಅನ್ನುತ್ತಿತ್ತು. ಅತ್ತೆ ಒಳಲೆಯಲ್ಲಿ ಆಡಿನ ಹಾಲು ಹಾಕಿದರೆ ಅರ್ಧ ಕುಡಿದು ಅರ್ಧ ಕಕ್ಕುತ್ತಿತ್ತು. ಚಿಕ್ಕತಾಯಿ ಮಾತು ಕಡಿಮೆ ಮಾಡಿದಳು. ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ನಾನೂ ಅತ್ತೆಯೂ ಸೇರಿ ಅವಳ ಉಪಚಾರಕ್ಕೆ ನಿಂತೆವು. ಒಬ್ಬರು ಮೆಂತ್ಯದ ಗಂಜಿ ಕುಡಿ ಎನ್ನುವುದು, ಇನ್ನೊಬ್ಬರು ಬೆಳ್ಳುಳ್ಳಿ ಜಗಿ ಎನ್ನುವುದು; ಒಬ್ಬರು ಮಗುವನ್ನು ಈ ಪಕ್ಕಕ್ಕೆ ಹಾಕು, ಇನ್ನೊಬ್ಬರು ಆ ಪಕ್ಕಕ್ಕೆ ಹಾಕು. ಗಳಿಗೆಗೊಮ್ಮೆ ನಾನು ಅಂಗಡಿಯಿಂದ ಎದ್ದು ಬಂದು "ಬಂತಾ?" ಎಂದು ಕೇಳುವುದು. ಬಾಗಿಲ ಹಿಂದಿನಿಂದ "ಇನ್ನೂ ಇಲ್ಲ ಅಂತ ಯೋಳು" ಎಂದು ಉತ್ತರ ಬರುವುದು. ಹೇಳಬೇಕಾದ ಚಿಕ್ಕತಾಯಿ ಏನೂ ಹೇಳದೆ ಮುಸುಕು ಎಳೆದುಕೊಳ್ಳುವುದು.

ಒಂದು ಬೆಳಿಗ್ಗೆ ಅತ್ತೆ ತೀರ್ಪು ಕೊಟ್ಟರು. "ಹಾವುಮೀನಿನ ಸಾರು ಕುಡಿದ್ರೆ ಹಾಲು ಉಕ್ತದೆ ಕಣೇ. ನನಗೆ ನಮ್ಮವ್ವ ಕೊಟ್ಟಿದ್ದೂ ಅದೇಯ. ಯೋಳು ಅಳಿದೇವ್ರಿಗೆ."

ಹಾವುಮೀನು ಹೆಸರಿಗೆ ಮಾತ್ರ ಮೀನು, ನೋಡಲು ಹಾವೇ. ಆದರೂ ನಾನು ಚೀಲ ಹಿಡಿದು ದಡಕ್ಕೆ ಹೋದೆ. ಅಲ್ಲಿ ಮೀನು ಮಾರುವವರ ಬುಟ್ಟಿಗಳಲ್ಲಿ ಗೆಂಡೆ ಇತ್ತು, ಕೊರವ ಇತ್ತು, ಹಾವುಮೀನು ಮಾತ್ರ ಇರಲಿಲ್ಲ. ತೆಪ್ಪದ ಸಿದ್ದಯ್ಯ ಎಂಬ ಮೀನಿನವನೊಬ್ಬ ನನ್ನ ಗಿರಾಕಿ; ಅವನ ಅಂಗಿಗೆ ಗುಂಡಿ ಹಾಕಿಕೊಟ್ಟಿದ್ದೆ. ಅವನು ಅಣೆಕಟ್ಟು ಆದ ಮೇಲೆ ಕೆಳಗಿನ ಸೀಮೆಯಿಂದ ಇಲ್ಲಿಗೆ ಬಂದವನು. "ಅದು ಬಲೆಗೆ ಬೀಳೋ ಮೀನಲ್ಲ ಕಣ್ರಪ್ಪ" ಎಂದ. "ಕಲ್ಲು ಸಂದೀಲಿ ಮನೆ ಮಾಡ್ಕೊಂಡಿರ್ತದೆ. ನಾವು ಕಲ್ಲಿರೋ ತಾವು ಬಲೆ ಹಾಕಾಕಿಲ್ಲ, ಅರ್ದೋಯ್ತದೆ. ಕಲ್ಲು ಎಲ್ಲೈತೆ ಅಂತ ಗೊತ್ತಿದ್ರೆ ಗಾಳ ಬುಟ್ಟು ಹಿಡೀಬೌದು. ನೀರು ತುಂಬ್ಕೊಂಡಿರೋವಾಗ ಎಲ್ಲಿ ಅಂತ ಹುಡುಕೋದು? ಬೇಸಿಗೇಲಿ ಬನ್ನಿ, ನೀರು ಇಳೀತದೆ, ಕಲ್ಲು ತಾನೇ ಕಾಣ್ತದೆ."

ಆಗ ಕಾರ್ತಿಕ ಮಾಸ. ನೀರು ದಡ ಮುಟ್ಟಿ ನಿಂತಿತ್ತು. ಬೇಸಿಗೆಯವರೆಗೆ ಕಾಯುವಂತೆ ಮಗುವಿಗೆ ಹೇಳುವುದು ಹೇಗೆ? ಬರಿ ಚೀಲ ಹಿಡಿದು ಬಂದು ವಿಷಯ ತಿಳಿಸಿದೆ. ಬಾಗಿಲ ಹಿಂದಿನಿಂದ ಅತ್ತೆಯ ದನಿ: "ಕಲ್ಲು ಎಲ್ಲದೆ ಅಂತ ನಂಗೊತ್ತು. ನಮ್ಮೂರ ಹೊಳೆ ಮಂಟಪ. ಮಂಟಪದ ಮೆಟ್ಲು. ಅಷ್ಟೂ ಕಲ್ಲೇಯ. ಊರು ಮುಳುಗೋಕೆ ಮುಂಚೇನೂ ಆ ಮೆಟ್ಲು ಸಂದೀಲಿ ಹಾವುಮೀನು ಕೈಯಾಕಿ ತೆಗೀತಿದ್ವಿ. ತೆಪ್ಪದೋನ್ನ ಕರೆಸೋಕೆ ಯೋಳು. ನಾನೇ ತೋರುಸ್ತೀನಿ."

ಅತ್ತೆ ಒಬ್ಬರೇ ಪರಪುರುಷನೊಬ್ಬನ ತೆಪ್ಪದಲ್ಲಿ ಹೋಗುವಂತಿಲ್ಲ. ಜೊತೆಗೆ ಮನೆಯ ಗಂಡಸು ಬೇಕು. ಮನೆಯ ಗಂಡಸು ಎಂದರೆ ನಾನು. ಕೈಯಲ್ಲಿ ಹೊಲಿಗೆ ಬಹಳ ಇದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಗು ಕುಂಯ್ ಅಂತು. ಬಾಯಿ ಮುಚ್ಚಿದೆ. ಪಕ್ಕದ ಮನೆಯ ದೇವೀರಮ್ಮನನ್ನು ಬಾಣಂತಿಗೆ ಕಾವಲಿಟ್ಟು ಹೊರಟೆವು.

ತೆಪ್ಪ ಎಂದರೆ ಬಿದಿರಿನ ದೊಡ್ಡ ಮಂಕರಿಗೆ ತೊಗಲು ಹೊದಿಸಿದ್ದು. ಅದು ದುಂಡಗೆ ಇರುತ್ತದೆ. ದುಂಡಗಿರುವುದರಿಂದ ಅದಕ್ಕೆ ಮುಂದೆ ಹಿಂದೆ ಎಂಬ ಭೇದವಿಲ್ಲ. ಅತ್ತೆ ಒಂದು ಅಂಚಿನಲ್ಲಿ ನನಗೆ ಬೆನ್ನು ಮಾಡಿ ಕೂತರು. ನಾನು ಇನ್ನೊಂದು ಅಂಚಿನಲ್ಲಿ ಅವರಿಗೆ ಬೆನ್ನು ಮಾಡಿ, ಎರಡೂ ಕೈಯಲ್ಲಿ ಬಿದಿರನ್ನು ಹಿಡಿದು, ಕಣ್ಣು ಮುಚ್ಚಿ ಕೂತೆ. ನಡುವೆ ಸಿದ್ದಯ್ಯ ಹುಟ್ಟು ಹಾಕುತ್ತಿದ್ದ. ಬಾಗಿಲ ಕೆಲಸವೂ ಅವನ ಪಾಲಿಗೇ ಬಂತು. "ಸಿದ್ದಯ್ಯ, ಅಳಿದೇವ್ರು ಕಣ್ ಬುಟ್ಟವ್ರಾ ಕೇಳು." ಅವನು ನನ್ನತ್ತ ತಿರುಗಿ, "ಕಣ್ ಬುಟ್ಟಿದೀರಾ ಅಂತ ಕೇಳ್ತಾವ್ರೆ ಅವ್ವಾರು" ಎನ್ನುವನು. "ಬಿಟ್ಟಿದ್ದೇನೆ ಅಂತ ಹೇಳು" ಎಂದು ನಾನು ಮುಚ್ಚಿದ ಕಣ್ಣಿನಲ್ಲೇ ಹೇಳುವೆ. "ಬುಟ್ಟವ್ರಂತೆ ಕಣವ್ವ, ಆದ್ರೆ ಮುಚ್ಕೊಂಡವ್ರೆ" ಎಂದು ಅವನು ಸತ್ಯವನ್ನು ಸೇರಿಸಿ ತಲುಪಿಸುವನು.

ಬೆನ್ನು ಬೆನ್ನು ಮಾಡಿ ಕೂತರೆ ಮರ್ಯಾದೆ ಉಳಿಯುತ್ತದೆಂದು ನಾವು ಎಣಿಸಿದ್ದೆವು. ಒಳನೀರಿಗೆ ಹೋಗುತ್ತಲೇ ತೆಪ್ಪ ಗಿರ್ರನೆ ತಿರುಗತೊಡಗಿತು. ಮಂಟಪದ ಗುರುತಿಗೆಂದು ದೂರದ ಬೆಟ್ಟ ನೋಡಬೇಕಾದ ಅತ್ತೆಯ ಮುಂದೆ ನಾವು ಬಿಟ್ಟುಬಂದ ದಡ ಬಂತು. ಬೆಟ್ಟ ಹುಡುಕಲು ಅವರು ಈ ಕಡೆ ತಿರುಗಿದರು, ದಡ ಎಲ್ಲಿ ಹೋಯಿತೆಂದು ಕಣ್ಣು ಬಿಟ್ಟು ನಾನು ಆ ಕಡೆ ತಿರುಗಿದೆ, ಇಬ್ಬರೂ ಮುಖಾಮುಖಿ. ಅತ್ತೆ ಸೆರಗನ್ನು ಗಲ್ಲದವರೆಗೆ ಎಳೆದುಕೊಂಡರು. ಸೆರಗು ಎಳೆದುಕೊಂಡರೆ ಬೆಟ್ಟ ಕಾಣದು. ತೆಗೆದರೆ ಅಳಿಯ ಕಾಣುವನು. ಆ ಹೆಂಗಸಿನ ಕಷ್ಟ ನೋಡಿ ನನಗೇ ಅಯ್ಯೋ ಅನ್ನಿಸಿತು. ಕೊನೆಗೆ ನನ್ನ ಟವೆಲನ್ನು ನಾನೇ ತಲೆಯ ಮೇಲೆ ಹೊದ್ದು ಮುಖ ಮುಚ್ಚಿಕೊಂಡೆ. ದೂರದಿಂದ ನೋಡಿದವರಿಗೆ ಹೊಸ ಮದುವಣಗಿತ್ತಿಯನ್ನು ಗಂಡನ ಮನೆಗೆ ಸಾಗಿಸುತ್ತಿದ್ದಾರೆ ಎನ್ನಿಸಿರಬೇಕು.

ಅತ್ತೆಯ ಗುರುತು ಇದು: ದೂರದ ಬೆಟ್ಟಕ್ಕೆ ಎರಡು ಗೂನು. ದಡದ ದಿಬ್ಬದ ಮೇಲೆ ಒಂಟಿ ತಾಳೆಮರ. ಮಂಟಪದಲ್ಲಿ ನಿಂತು ನೋಡಿದರೆ ತಾಳೆಮರ ಸರಿಯಾಗಿ ಆ ಎರಡು ಗೂನುಗಳ ನಡುವಿನ ತಗ್ಗಿನಲ್ಲಿ ನಿಂತಂತೆ ಕಾಣುತ್ತಿತ್ತು. ಮರ ಇನ್ನೂ ಇತ್ತು, ಬೆಟ್ಟವಂತೂ ಇದ್ದೇ ಇತ್ತು. ಸಿದ್ದಯ್ಯ ತೆಪ್ಪವನ್ನು ಅತ್ತ ಇತ್ತ ಸರಿಸಿ, ಮರವನ್ನು ತಗ್ಗಿನೊಳಗೆ ತಂದು ನಿಲ್ಲಿಸಿದ. ಆದರೆ ಮುಂದಕ್ಕೆ ಹೋದರೂ ಮರ ತಗ್ಗಿನಲ್ಲೇ ಇತ್ತು, ಹಿಂದಕ್ಕೆ ಬಂದರೂ ತಗ್ಗಿನಲ್ಲೇ ಇತ್ತು. ಬಿದಿರಿನ ಗಳ ಇಳಿಸಿದರೆ ತಳ ಸಿಗಲಿಲ್ಲ. ತೋಚಿದ ಕಡೆಯೆಲ್ಲ ಗಾಳ ಬಿಟ್ಟು ಕೂತೆವು. ಒಂದು ಗಾಳಕ್ಕೆ ಪಾಚಿ ಸಿಕ್ಕಿತು. ಇನ್ನೊಂದಕ್ಕೆ ಯಾರದೋ ಹಳೆಯ ಕಂಬಳಿಯ ತುಂಡು. ಮಧ್ಯಾಹ್ನ ಗಾಳಿ ಎದ್ದು ತೆಪ್ಪವನ್ನು ಎತ್ತಲೋ ನೂಕಿಕೊಂಡು ಹೋಯಿತು. "ಅವ್ವಾ, ನೀರ ಮ್ಯಾಲೆ ಊರು ಹುಡುಕೋದು ಆಗೋ ಮಾತಾ? ಬುಡಿ ಅತ್ಲಾಗೆ" ಎಂದು ಸಿದ್ದಯ್ಯ ತೆಪ್ಪ ತಿರುಗಿಸಿದ. ಅತ್ತೆ ಗಾಳಗಳನ್ನು ಸುತ್ತಿಟ್ಟರು. ದಡ ಸೇರುವವರೆಗೆ ನೀರನ್ನೇ ನೋಡುತ್ತಿದ್ದರು.

ಮನೆಗೆ ಬಂದಾಗ ಮಗು ಅಳುತ್ತಿರಲಿಲ್ಲ. ಅಳಲು ಶಕ್ತಿಯಿಲ್ಲದೆ ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ನಾನು ಅಂಗಡಿಗೆ ಹೋಗಿ ಮಿಷನ್ನಿನ ಮುಂದೆ ಕೂತೆ. ಕೂತವನಿಗೆ ತೋಳು ಯಾವುದು ಕಾಲರು ಯಾವುದು ತಿಳಿಯದೆ, ಯಾರದೋ ಜುಬ್ಬಕ್ಕೆ ಎರಡು ಎಡತೋಳು ಕತ್ತರಿಸಿಟ್ಟೆ. ಅದನ್ನು ನೋಡುತ್ತಾ ಕೂತಿದ್ದಾಗ ನನಗೆ ನಿಜವಾಗಿ ರೋಷ ಬಂತು. ನೀರಿನ ಮೇಲಲ್ಲ, ನನ್ನ ಮೇಲೆ. ಇಡೀ ದಿನ ಟವೆಲು ಹೊದ್ದು ಕೂತಿದ್ದೆನಲ್ಲದೆ ಒಂದು ಸಲವಾದರೂ ತಲೆ ಓಡಿಸಿದೆನೇ? ಉದ್ದ ಮಾತ್ರ ಅಳೆದು ಅಗಲ ಅಳೆಯದೆ ಯಾವನಾದರೂ ಬಟ್ಟೆ ಕತ್ತರಿಸುತ್ತಾನೆಯೇ? ಅತ್ತೆಯ ಬೆಟ್ಟ, ತಾಳೆಮರ ಸೇರಿ ಒಂದು ಗೆರೆಯಾಯಿತು, ಅದು ಉದ್ದ. ಅದನ್ನು ಅಡ್ಡ ಹಾಯುವ ಇನ್ನೊಂದು ಗೆರೆ ಬೇಕು. ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿ ಮಂಟಪ. ನೀರಿನ ಮೇಲೆ ಗೆರೆ ನಿಲ್ಲದಿದ್ದರೆ ಬೇಡ, ದಡದ ಮೇಲೆ ನಿಲ್ಲುತ್ತದಲ್ಲ!

ಎದ್ದು ಮನೆಗೆ ಓಡಿದೆ. ಬಾಗಿಲಿಗೆ ಕೇಳುವಂತೆ ಜೋರಾಗಿ, "ಮಂಟಪದಿಂದ ಆ ಕಡೆಯ ದಡ ನೋಡಿದರೆ ಏನು ಕಾಣುತ್ತಿತ್ತು?" ಎಂದೆ. ಅತ್ತೆ ಯೋಚಿಸಿದರು. "ಗುಡಿ ಕಾಣ್ತಿತ್ತು ಅಂತ ಯೋಳು. ಗುಡೀನ ಎಲ್ಲಿಂದ ನೋಡಿದ್ರೂ ಕಾಣ್ತದೆ ಅಂತಾನೂ ಯೋಳು." ಅಷ್ಟರಲ್ಲಿ, ಅದೆಷ್ಟೋ ದಿನದಿಂದ ಸರಿಯಾಗಿ ಬಾಯಿ ಬಿಡದಿದ್ದ ಚಿಕ್ಕತಾಯಿ ಗೋಡೆಯ ಕಡೆಯಿಂದ ಇತ್ತ ತಿರುಗಿದಳು.

"ದೇವರ ಟೋಪಿ ಕಣವ್ವ" ಎಂದಳು.

"ಏನೇ ಅದು?"

"ಆ ದಡದ ಗುಡಿ ಹಿಂದ್ಗಡೆ ಗುಡ್ಡದ ಮ್ಯಾಲೆ ಒಂದು ಗುಂಡುಕಲ್ಲು ಅದೆಯಲ್ಲ. ಮಂಟಪದ ಮೆಟ್ಲ ಮ್ಯಾಲೆ ನಿಂತ್ರೆ ಅದು ಗೋಪುರದ ತಲೆ ಮ್ಯಾಲೇ ಕುಂತಂಗೆ ಕಾಣ್ತಿತ್ತು. ಒಸಿ ಅತ್ಲಾಗೆ ಹೋದ್ರೆ ಟೋಪಿ ಜಾರೋದು, ಇತ್ಲಾಗೆ ಬಂದ್ರೂ ಜಾರೋದು. ಒಂದು ಕಣ್ಣು ಮುಚ್ಕೊಂಡು ದೇವರಿಗೆ ಟೋಪಿ ಹಾಕೋ ಆಟ ಆಡ್ತಿದ್ವಿ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಗಲ ಸಿಕ್ಕಿತ್ತು! ಮಾರನೆಯ ಬೆಳಿಗ್ಗೆಗೆ ನಾನೊಂದು ಆಯುಧವನ್ನೂ ಸಿದ್ಧ ಮಾಡಿಕೊಂಡೆ. ಹಿತ್ತಾಳೆಯ ತೂಕದ ಬಟ್ಟೊಂದಕ್ಕೆ ಉದ್ದನೆಯ ಹುರಿ ಕಟ್ಟಿ, ಮೊಳಕ್ಕೊಂದು ಬಣ್ಣದ ಬಟ್ಟೆಚೂರು ಗಂಟು ಹಾಕಿದೆ. ಬಟ್ಟಿನ ತಳಕ್ಕೆ, ನಾವು ದಾರಕ್ಕೆ ಉಜ್ಜುವ ಮೇಣವನ್ನು ದಪ್ಪಗೆ ಮೆತ್ತಿದೆ. ತಳದಲ್ಲಿ ಕೆಸರಿದ್ದರೆ ಮೇಣಕ್ಕೆ ಕೆಸರು ಅಂಟಿಕೊಂಡು ಬರಬೇಕು. ಕಲ್ಲಿದ್ದರೆ ಮೇಣ ಜಜ್ಜಿಕೊಂಡು ಬರಬೇಕು. ಸಿದ್ದಯ್ಯ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಮೀನು ಹಿಡಿಯೋಕಾ, ಮೀನಿಗೆ ಅಂಗಿ ಅಳತೆ ತಕ್ಕೊಳೋಕಾ?" ಎಂದು ನಕ್ಕ. ಮತ್ತೆ ಬರಲು ಅವನಿಗೆ ಮನಸ್ಸಿರಲಿಲ್ಲ. ಅತ್ತೆ ನೆಲ ನೋಡುತ್ತಾ, "ಬರದೆ ಇದ್ರೆ ಹುಟ್ಟು ಕೊಡೋಕೆ ಯೋಳು. ನಾನೇ ಹಾಕ್ತೀನಿ" ಎಂದು ದಡದಲ್ಲಿದ್ದ ಒಂದು ಆಡಿಗೆ ಹೇಳಿದರು. ಸಿದ್ದಯ್ಯ ತೆಪ್ಪ ಹತ್ತಿದ.

ಈ ಸಲ ನಾನು ಟವೆಲನ್ನು ಸೊಂಟಕ್ಕೆ ಬಿಗಿದು ಕಣ್ಣು ಬಿಟ್ಟುಕೊಂಡೇ ಕೂತೆ. ಅತ್ತೆಗೆ ಬೆಟ್ಟ, ತಾಳೆಮರದ ಉಸ್ತುವಾರಿ. ನನಗೆ ಗೋಪುರದ ಟೋಪಿಯದು. "ಸಿದ್ದಯ್ಯ, ಮರ ತಗ್ಗಿಂದ ಜಾರ್ತಾ ಅದೆ, ಬಲಕ್ಕೆ ಎಳಿ" ಎಂದು ಅವರು. "ಟೋಪಿ ಇನ್ನೂ ಕಿವಿಯ ಹತ್ತಿರ ಇದೆ, ಮುಂದಕ್ಕೆ ಹೋಗು" ಎಂದು ನಾನು. ಇಬ್ಬರ ಅಪ್ಪಣೆಯ ನಡುವೆ ಸಿಕ್ಕಿ ಸಿದ್ದಯ್ಯನ ಬೆವರು ಹರಿಯಿತು. ನಿಧಾನವಾಗಿ ಗುಂಡುಕಲ್ಲು ಗೋಪುರದ ಮೇಲೆ ಏರತೊಡಗಿತು. ಸರಿಯಾಗಿ ನೆತ್ತಿಯ ಮೇಲೆ ಬಂದು ಕೂತಾಗ ನಾನು "ನಿಲ್ಲು!" ಎಂದು ಕೂಗಿದೆ. ಅದೇ ಹೊತ್ತಿಗೆ ಅತ್ತೆಯೂ "ನಿಲ್ಸು!" ಎಂದರು.

ಹುರಿ ಬಿಟ್ಟೆ. ಬಟ್ಟು ಇಳಿಯಿತು, ಇಳಿಯಿತು, ಮೆತ್ತಗೆ ಕೂತಿತು. ಎಳೆದು ನೋಡಿದರೆ ಕೆಸರು. ಅತ್ತೆಯ ಬೆನ್ನು ಬಗ್ಗಿತು. ನಾನು ಬಿಡಲಿಲ್ಲ. ಟೈಲರಿಗೆ ಮೊದಲ ಅಳತೆಯೇ ಸರಿಹೋಗುವುದು ಅಪರೂಪ. ಮೇಣ ಒರೆಸಿ, ಸ್ವಲ್ಪ ಆಚೆ ಮತ್ತೆ ಬಿಟ್ಟೆ. ಕೆಸರು. ಇನ್ನೂ ಸ್ವಲ್ಪ ಈಚೆ. ಕೆಸರು. ಸಿದ್ದಯ್ಯ ಆಕಳಿಸಿದ. ಬಿಸಿಲು ನೆತ್ತಿಗೇರಿತು. ನಾನು ಎಳೆಯುವುದು, ಒರೆಸುವುದು, ಬಿಡುವುದು. ಅಂಗೈಯ ಚರ್ಮ ಕಿತ್ತು ಬಂತು. ಒಂದು ಸಲ ಹುರಿ ಇದ್ದಕ್ಕಿದ್ದಂತೆ ಮೊದಲಿಗಿಂತ ಬೇಗ ಸಡಿಲವಾಯಿತು. ಕೈಗೆ 'ಟಣ್' ಎಂದಿತು. ಕಿವಿಗೆ ಕೇಳುವ ಸದ್ದಲ್ಲ ಅದು, ಬೆರಳಿಗೆ ಕೇಳುವ ಸದ್ದು. ಎಳೆದು ನೋಡಿದೆ. ಮೇಣ ಜಜ್ಜಿಹೋಗಿತ್ತು, ಅದರ ಮೇಲೆ ನೇರವಾದ ಒಂದು ಅಂಚಿನ ಗುರುತು ಬಿದ್ದಿತ್ತು. ಉಳಿಯಿಂದ ಕಡೆದ ಕಲ್ಲಿನ ಅಂಚು.

"ಕಲ್ಲು" ಎಂದೆ. ಯಾರಿಗೂ ತಲುಪಿಸು ಎಂದು ಹೇಳಲಿಲ್ಲ. ಸಿದ್ದಯ್ಯನೂ ತಲುಪಿಸಲಿಲ್ಲ.

ಅತ್ತೆ ತಿರುಗದೆ, ಬೆನ್ನ ಹಿಂದಕ್ಕೆ ಕೈ ಚಾಚಿದರು. ಹುರಿ ಕೊಟ್ಟೆ. ಅವರು ಬಟ್ಟನ್ನು ನೀರಿಗೆ ಬಿಟ್ಟು, ಅದು ತಳ ಮುಟ್ಟಿದ ಮೇಲೆ ಮೆಲ್ಲಗೆ ಎತ್ತಿ ಕುಟ್ಟಿದರು. ಮತ್ತೆ ಎತ್ತಿ ಕುಟ್ಟಿದರು. ತೆಪ್ಪ ತುಸು ಅಲುಗಿದಾಗ ಹುರಿ ಇನ್ನೂ ಒಂದು ಗಂಟು ಇಳಿಯಿತು. "ಇದು ಎರಡ್ನೇ ಮೆಟ್ಲು" ಎಂದರು. ಇನ್ನೂ ಒಂದು ಗಂಟು. "ಇದು ನಾವು ಬಟ್ಟೆ ಒಗೀತಿದ್ದ ಮೆಟ್ಲು." ಕುಟ್ಟಿದರು. ಬಾಗಿಲು ತಟ್ಟಿ ಒಳಗಿನವರನ್ನು ಕರೆಯುವವರ ಹಾಗೆ ಕುಟ್ಟಿದರು. ಸಿದ್ದಯ್ಯ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತ. ನಾನು ಗೋಪುರದ ಟೋಪಿಯನ್ನು ಅಗತ್ಯಕ್ಕಿಂತ ಹೆಚ್ಚು ಗಮನವಿಟ್ಟು ನೋಡಿದೆ. ಆಮೇಲೆ ಅತ್ತೆ ಮೂಗು ಒರೆಸಿಕೊಂಡು, "ಸಿದ್ದಯ್ಯ, ಬಾಣಂತಿ ಕಾಯ್ತಾವ್ಳೆ. ಎರೆಹುಳ ತೆಗಿ" ಎಂದರು.

ಮೆಟ್ಟಿಲು ಸಿಕ್ಕಿದ ಜಾಗದ ಗುರುತಿಗೆ ಒಂದು ಸೋರೆಬುರುಡೆಗೆ ಹುರಿಯಲ್ಲಿ ಭಾರದ ಕಲ್ಲು ಕಟ್ಟಿ ತೇಲಿಬಿಟ್ಟೆವು. ಅದರ ಪಕ್ಕದಲ್ಲೇ ಗಾಳ ಬಿಟ್ಟೆವು. ಹಿಂದಿನ ದಿನ ಪಾಚಿ ಕೊಟ್ಟ ನೀರು ಈಗ ಬೇರೆಯೇ ನೀರಾಗಿತ್ತು. ಗಾಳ ಮುಳುಗಿದ್ದೇ ತಡ ಗೆಂಡೆ ಕಚ್ಚಿತು. ಮತ್ತೊಂದು ಗೆಂಡೆ. "ಅಯ್ಯಯ್ಯೋ, ಇಲ್ಲಿ ಸಂತೆಯೇ ನೆರೆದದಲ್ಲಪ್ಪ!" ಎಂದು ಸಿದ್ದಯ್ಯ ಒಂದೇ ಸಮನೆ ಎಳೆದು ಹಾಕತೊಡಗಿದ. ಅತ್ತೆಗೆ ಗೆಂಡೆ ಬೇಕಿರಲಿಲ್ಲ. "ಇನ್ನೂ ಕೆಳಕ್ಕೆ, ಸಂದಿಗೆ ಬುಡೋಕೆ ಯೋಳು" ಎನ್ನುತ್ತಿದ್ದರು. ನಾನು ಬಿಟ್ಟೆ. ನನ್ನ ದಾರ ಒಮ್ಮೆ ನಡುಗಿತು. ಆಮೇಲೆ ಯಾರೋ ಕೆಳಗಿನಿಂದ ಕೈಹಿಡಿದು ಎಳೆದಂತೆ ಜಗ್ಗಿತು. ನಾನೂ ಜಗ್ಗಿದೆ. ದಾರ ಅಂಗೈಯ ಗಾಯಕ್ಕೆ ಕೊರೆಯಿತು. ನೀರು ಸೀಳಿಕೊಂಡು ಮೇಲೆ ಬಂದದ್ದು ನನ್ನ ತೋಳಿನುದ್ದದ ಒಂದು ಹಾವು. ಅದು ಮೀನು ಎಂದು ನನಗೆ ಬುದ್ಧಿ ಹೇಳುತ್ತಿತ್ತು. ಬುದ್ಧಿಯ ಮಾತನ್ನು ಕಾಲು ಕೇಳಲಿಲ್ಲ. ನಾನು ಎದ್ದು ನಿಂತುಬಿಟ್ಟೆ. ತೆಪ್ಪದಲ್ಲಿ ಎದ್ದು ನಿಲ್ಲಬಾರದೆಂಬುದನ್ನು ಎಳೆಮಕ್ಕಳೂ ಬಲ್ಲರು. ತೆಪ್ಪ ವಾಲಿತು, ಒಂದು ಅಂಚಿನಿಂದ ನೀರು ನುಗ್ಗಿತು, ಗೆಂಡೆಗಳೆಲ್ಲ ಜಾರಿ ನನ್ನ ಕಾಲಡಿಗೆ ಬಂದವು. ದಾರವನ್ನು ಕೈಬಿಡುವುದರಲ್ಲಿದ್ದೆ.

"ಬುಡಬ್ಯಾಡ ಕಣ್ಲಾ! ಕುಂತ್ಕಳ್ಲಾ ಕೆಳಗೆ, ಮುಂಡೇದೇ!"

ಮದುವೆಯಾದಂದಿನಿಂದ ನಮ್ಮತ್ತೆ ನನ್ನನ್ನು ಉದ್ದೇಶಿಸಿ ಆಡಿದ ಮೊದಲ ಮಾತು ಇದು. ನಾನು ಕುಂತೆ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಎದುರಿಗೇ ಮಂಡಿಯೂರಿ, ಜಾರದಂತೆ ಬೂದಿ ಹಿಡಿದ ಕೈಯಲ್ಲಿ ಹಾವುಮೀನಿನ ಕತ್ತನ್ನು ಹಿಡಿದು ಬುಟ್ಟಿಗೆ ಹಾಕಿ ಮುಚ್ಚಳ ಅದುಮಿದರು. ಬೂದಿ ತಂದಿದ್ದರೆಂಬುದೇ ನನಗೆ ಗೊತ್ತಿರಲಿಲ್ಲ. ಸಿದ್ದಯ್ಯ ನೀರು ಎತ್ತಿ ಹಾಕಿ ತೆಪ್ಪವನ್ನು ಸಮ ಮಾಡಿ, ಬಹಳ ಗಂಭೀರವಾಗಿ ನನ್ನತ್ತ ತಿರುಗಿ, "ಬುಡಬ್ಯಾಡ, ಕುಂತ್ಕೊ ಅಂತ ಯೋಳ್ತಾವ್ರೆ ಅವ್ವಾರು" ಎಂದು ತಲುಪಿಸಿದ. ಅತ್ತೆಗೆ ಆಗ ಎಚ್ಚರವಾಯಿತು. ಸೆರಗು ಗಲ್ಲದವರೆಗೆ ಬಂತು. ಬೆನ್ನು ತಿರುಗಿತು. ಆದರೆ ಆ ಬೆನ್ನು ಕುಲುಕುತ್ತಿದ್ದುದನ್ನು ನೋಡಿದೆ, ನಗುತ್ತಿದ್ದರು. ಆಮೇಲೆ ಇನ್ನೂ ಎರಡು ಹಾವುಮೀನು ಹಿಡಿದೆವು. ಹಿಡಿದೆವು ಎಂದರೆ ಅವರು ಹಿಡಿದರು, ನಾನು ಕೂತಿದ್ದೆ.

ಬಿಸಿಲು ಇಳಿಯುವ ಮೊದಲೇ ಮನೆ ಸೇರಿದೆವು. ಬೀದಿಯ ತುದಿಯಿಂದಲೇ ಕಿವಿಗೊಟ್ಟೆ. ಅಳುವಿಲ್ಲ. ಅತ್ತೆ ಬುಟ್ಟಿ ಹಿಡಿದೇ ಓಡಿದರು. ಜಗುಲಿಯ ಮೇಲೆ ಕೂತಿದ್ದ ದೇವೀರಮ್ಮ ಬಾಯಿಗೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದಳು. ಒಳಗೆ ಚಿಕ್ಕತಾಯಿ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಮಗುವೂ ನಿದ್ದೆ ಹೋಗಿತ್ತು. ಅದರ ಬಾಯಿಯ ಮೂಲೆಯಿಂದ ಬಿಳಿಯ ಗೆರೆಯೊಂದು ಕೆನ್ನೆಯ ಮೇಲೆ ಇಳಿದಿತ್ತು. ಅತ್ತೆ ಬೆರಳಿನಿಂದ ಮುಟ್ಟಿ ನೋಡಿದರು. ಹಾಲು. ಆಡಿನದಲ್ಲ.

ಅತ್ತೆ ಸಾರು ಮಾಡಲು ಅಡಿಗೆಮನೆಗೆ ಹೋದ ಮೇಲೆ ಚಿಕ್ಕತಾಯಿ ಕಣ್ಣು ಬಿಟ್ಟಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಬಣ್ಣ ಕಂಡೆ. "ಹೇಗೆ?" ಎಂದು ಪಿಸುಗುಟ್ಟಿದೆ. ಅವಳು ಅಡಿಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು: "ನೀವಿಬ್ರೂ ಹೋದ್ರಿ. ದೇವೀರಮ್ಮ ಒಂದು ತಟ್ಟೆ ಬಿಸಿ ಅನ್ನ ಸಾರು ಕೊಟ್ಟು ಆಚೆ ಹೋಗಿ ಕೂತ್ಲು. ಬಂತಾ ಬಂತಾ ಅಂತ ಕೇಳೋರು ಯಾರೂ ಇರ್ಲಿಲ್ಲ. ನಿನ್ನೇನೂ ಹಂಗೇ ಒಸಿ ನಿದ್ದೆ ಬಂದಿತ್ತು. ಇವತ್ತು ಚೆನ್ನಾಗಿ ಮಲಗಿ ಎದ್ದೆ, ಮಗೂನ ಎತ್ಕೊಂಡೆ, ತಾನೇ ಬಂತು." ಮಗುವಿನ ಕೆನ್ನೆ ಒರೆಸುತ್ತಾ, "ಅವ್ವಂಗೆ ಯೋಳಬ್ಯಾಡಿ" ಎಂದಳು.

ನಾನು ನನ್ನ ಅಂಗೈ ನೋಡಿಕೊಂಡೆ. ಒಳಗಿನಿಂದ ಮೆಣಸು, ಬೆಳ್ಳುಳ್ಳಿ ಅರೆಯುವ ಸದ್ದು ಬರುತ್ತಿತ್ತು. ಅರೆಯುವವರು ಏನೋ ಹಾಡಿಕೊಳ್ಳುತ್ತಿದ್ದರು. ಹೇಳುವುದು ಹೇಗೆ? ಚಿಕ್ಕತಾಯಿ ಒಂದು ಬಟ್ಟಲು ಸಾರನ್ನು ಕೊನೆಯ ತೊಟ್ಟಿನವರೆಗೆ ಕುಡಿದಳು. ಮತ್ತೊಂದು ಬಟ್ಟಲು ಕೇಳಿದಳು. ಮಗು ಎದ್ದು ಕುಡಿದು ತೃಪ್ತಿಯಿಂದ ತೇಗಿದಾಗ ಅತ್ತೆ ಬಾಗಿಲ ಹಿಂದಿನಿಂದ, "ನೋಡಿದ್ರಾ ಅಂತ ಕೇಳು" ಎಂದರು. ನೋಡಿದೆ ಅಂದೆ.

ಅಲ್ಲಿಂದ ಮುಂದೆ ಹಿನ್ನೀರಿನ ಸುತ್ತ ಎಲ್ಲಿ ಬಾಣಂತಿಗೆ ಹಾಲು ಕಮ್ಮಿಯಾದರೂ ನಮ್ಮ ಮನೆಗೆ ಜನ ಬರತೊಡಗಿದರು. ಪಿರಿಯಾಪಟ್ಟಣದಿಂದ ಒಬ್ಬರು ಗಾಡಿ ಕಟ್ಟಿಕೊಂಡು ಬಂದು ಮೀನಿರುವ ಜಾಗದ ಗುರುತು ಕೇಳಿದರು. ಅತ್ತೆ ಬಾಗಿಲ ಹಿಂದೆ ನಿಂತು ಮದ್ದು ಹೇಳುತ್ತಿದ್ದರು; ನಾನು ಹೊರಗೆ ನಿಂತು ಉದ್ದ ಅಗಲದ ಲೆಕ್ಕ ವಿವರಿಸುತ್ತಿದ್ದೆ. ನೀರಿನ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಬಂತು. ಹೆಂಗಸರನ್ನು ಒಂದು ಹಗಲು ಅವರ ಪಾಡಿಗೆ ಬಿಡಿ ಎಂಬ ಮದ್ದು ಮಾತ್ರ ನನ್ನ ಗಂಟಲಲ್ಲೇ ಉಳಿಯಿತು. ಅದನ್ನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ನಂಬಿದ್ದರೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ಕೆಲವು ವರ್ಷದ ಮೇಲೆ ಎರಡನೆಯ ಮಗು ಹುಟ್ಟಿತು. ಗಂಡು. ಈ ಸಲ ಮೊದಲ ದಿನದಿಂದಲೇ ಹಾಲಿಗೆ ಏನೂ ಕೊರತೆಯಿರಲಿಲ್ಲ. ಹುಡುಗ ಕುಡಿದು ಮಲಗುವುದು, ಎದ್ದು ಕುಡಿಯುವುದು. ನಾನೂ ಅತ್ತೆಯೂ ಯಥಾಪ್ರಕಾರ ಬಾಗಿಲ ಆಚೆ ಈಚೆ ನಿಂತು, ಬಾಣಂತಿಯ ಮೂಲಕ ಮಗುವಿನ ಮೂಗು ಯಾರದು, ಅದಕ್ಕೆ ಯಾವ ಕಡೆ ತಲೆ ಹಾಕಬೇಕು ಎಂಬುದನ್ನು ಚರ್ಚಿಸತೊಡಗಿದೆವು. ಚಿಕ್ಕತಾಯಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಬಹಳ ಸೊರಗಿದವಳಂತೆ ಕಣ್ಣು ಮುಚ್ಚಿ, ನಿಟ್ಟುಸಿರು ಬಿಟ್ಟು, ತಾಯಿಯ ಕೈ ಹಿಡಿದುಕೊಂಡಳು.

"ಅವ್ವಾ, ಯಾಕೋ ಹಾವುಮೀನಿನ ಸಾರು ಕುಡೀಬೇಕು ಅನ್ನುಸ್ತಾ ಅದೆ. ಅವ್ರನ್ನ ಕರ್ಕೊಂಡು ಹೋಗ್ಬುಟ್ಟು ಬಾವ್ವ. ಆತುರ ಏನಿಲ್ಲ, ಸಾಯಂಕಾಲ ಬನ್ನಿ."

ಅತ್ತೆ ಆಗಲೇ ಬೂದಿಯ ಪೊಟ್ಟಣ ಕಟ್ಟುತ್ತಿದ್ದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಒಂದು ಕಣ್ಣನ್ನು ಮಾತ್ರ ತೆರೆದು ನನ್ನನ್ನು ನೋಡಿ, ಮತ್ತೆ ಮುಚ್ಚಿಕೊಂಡಳು. ತೂಕದ ಬಟ್ಟು, ಹುರಿ, ಮೇಣ ತೆಗೆದುಕೊಂಡು ನಾನು ಹೊರಟೆ.